ಚರ್ಚಿಗೆ ಮೂರು ಸುತ್ತು

ಹೋದ ಶನಿವಾರ ಬೆಳಿಗ್ಗೆ ಅಮ್ಮ ಹಣೆ ತುಂಬ ವಿಭೂತಿ ಇಟ್ಟುಕೊಂಡು, ರೇಷ್ಮೆ ಸೀರೆ ಉಟ್ಟು, ಚರ್ಚಿಗೆ ಹೊರಟು ನಿಂತಳು.

ಚಾಮರಾಜಪೇಟೆಯ ನಮ್ಮ ಮನೆಯಿಂದ ಕನಕಪುರದ ಕಡೆಯ ಅವಳ ತವರೂರಿಗೆ ಕ್ಯಾಬಿನಲ್ಲಿ ಎರಡು ಗಂಟೆ. ಈ ಮೊಣಕಾಲು ಇಟ್ಟುಕೊಂಡು ಇದೆಲ್ಲ ಬೇಕಾ ಎಂದು ದಾರಿಯುದ್ದಕ್ಕೂ ಗೊಣಗಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ವಿಷಯ ಇಷ್ಟೆ. ನಾನು ಎಂಟು ತಿಂಗಳ ಕೂಸಾಗಿದ್ದಾಗ ಅಲ್ಲಿ ನನಗೆ ವಿಪರೀತ ಜ್ವರ ಬಂದಿತ್ತಂತೆ.

ಆ ಊರಿಗೆಲ್ಲ ದೊಡ್ಡ ಕಟ್ಟಡವೆಂದರೆ ಅದೊಂದೇ, ಹಳೇ ಕಲ್ಲಿನ ಚರ್ಚು. ಭಾನುವಾರ ಪ್ರಾರ್ಥನೆ, ಉಳಿದ ದಿನ ಶಾಲೆ, ಮಂಗಳವಾರ ಸಂಜೆ ನರ್ಸಮ್ಮ ಬಂದರೆ ಅದೇ ಆಸ್ಪತ್ರೆ. ಅಮ್ಮ ಅಕ್ಷರ ಕಲಿತದ್ದು ಅಲ್ಲೇ, ನನಗೆ ಇಂಜೆಕ್ಷನ್ ಹಾಕಿಸಿದ್ದೂ ಅಲ್ಲೇ.

ಮಗು ಉಳಿದರೆ ಮೂರು ಸುತ್ತು ಬರುತ್ತೇನೆ ಎಂದು ಹರಕೆ ಹೊತ್ತಳು. ಚರ್ಚಿಗೆ ಪ್ರದಕ್ಷಿಣೆ ಹಾಕುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ... ಹೇಳಿದ್ದರೂ ಕೇಳುತ್ತಿರಲಿಲ್ಲ ಬಿಡಿ.

ನಾನು ಉಳಿದೆ. ತವರಿನಲ್ಲಿ ಮಾತ್ರ ಒಬ್ಬೊಬ್ಬರಾಗಿ ತೀರಿಕೊಂಡು ಯಾರೂ ಉಳಿಯಲಿಲ್ಲ. ಹೋಗುವುದು ನಿಂತಿತು, ಹರಕೆಯೂ ಹಾಗೇ ಉಳಿಯಿತು.

ಹೋಗಿ ನೋಡಿದರೆ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಶಾಲೆಗೂ ಆಸ್ಪತ್ರೆಗೂ ಈಗ ಬೇರೆ ಕಟ್ಟಡಗಳಿವೆ. ಭಾನುವಾರ ಬಿಟ್ಟು ಉಳಿದ ದಿನ ಊರವರ ಫಂಕ್ಷನ್‌ಗಳಿಗೆ ಚರ್ಚಿನ ಹಾಲ್ ಕೊಡುತ್ತಾರೆ, ಅಂದು ಯಾರದೋ ನಾಮಕರಣ.

ಹಿಂದಿನ ಗೋಡೆಗೆ ಅಂಟಿಕೊಂಡೇ ಕಾಂಪೌಂಡಿನವರೆಗೆ ಅಡುಗೆಮನೆ ಕಟ್ಟಿಬಿಟ್ಟಿದ್ದಾರೆ. ಸುತ್ತು ಬರಲು ದಾರಿಯೇ ಇಲ್ಲ.

ಅಮ್ಮ ಆ ಮೂಲೆಯಲ್ಲಿ ನಿಂತು ಅತ್ತೇಬಿಟ್ಟಳು.

ಚರ್ಚು ನೋಡಿಕೊಳ್ಳುವ ಜೋಸೆಫಣ್ಣ ವಿಷಯ ಕೇಳಿದವರೇ ಅಡುಗೆಮನೆಯ ಎರಡೂ ಕಡೆಯ ಬಾಗಿಲು ತೆಗೆಸಿದರು. "ಒಳಗಿಂದ್ಲೇ ಹೋಗಿ ಅಕ್ಕಾ, ದೇವ್ರು ಏನೂ ಅಂದ್ಕೊಳಲ್ಲ."

ಅಮ್ಮ ಚಪ್ಪಲಿ ಬಿಟ್ಟು ನನ್ನ ಕೈ ಹಿಡಿದುಕೊಂಡು ಹೊರಟಳು. ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರು ಕಾಲು ಮಡಚಿಕೊಂಡರು. ಅಡುಗೆಯವನು ಸಾರಿನ ಕೊಳಗ ಪಕ್ಕಕ್ಕೆ ಸರಿಸಿದ.

ನಡೆಯುತ್ತಾ ಕಿಟಕಿಗಳನ್ನು ಒಂದೊಂದಾಗಿ ತೋರಿಸುತ್ತಾಳೆ. ಇದರ ಹಿಂದೆ ಒಂದನೇ ಕ್ಲಾಸು, ಅದರ ಹಿಂದೆ ನರ್ಸಮ್ಮನ ಬೆಂಚು... ನನಗೆ ಕಾಣುವುದು ನಾಮಕರಣದ ಬಲೂನುಗಳು ಮಾತ್ರ. ಅವಳಿಗೆ ಕಂಡದ್ದು ನನಗೂ ಕಾಣಬಾರದಿತ್ತೇ ಅನ್ನಿಸಿತು.

ಎರಡು ಸುತ್ತು ಮುಗಿಯಿತು. ಅಮ್ಮ ಚಪ್ಪಲಿ ಹಾಕಿಕೊಂಡಳು.

"ಇನ್ನೊಂದಿದೆಯಲ್ಲಮ್ಮ, ಕಾಲು ನೋಯ್ತಿದ್ಯಾ?" ಎಂದೆ.

"ಕಾಲಿಗೇನೂ ಆಗಿಲ್ಲ ಕಣೇ. ಅದನ್ನೂ ಮುಗಿಸ್ಬಿಟ್ರೆ, ಆಮೇಲೆ ಏನಂತ ಇಲ್ಲಿಗೆ ಬರ್ಲಿ?"

ಮನೆಗೆ ಬಂದಾಗಿನಿಂದ ಮುಂದಿನ ಶನಿವಾರಗಳನ್ನು ನಾನೇ ಲೆಕ್ಕ ಹಾಕುತ್ತಿದ್ದೇನೆ.

ನೀವು ಯಾವ ಊರಿನಲ್ಲಿ ಒಂದು ಸುತ್ತು ಉಳಿಸಿಕೊಂಡು ಬಂದಿದ್ದೀರಿ?