ಎಡಗಡೆಯ ರೆಕ್ಕೆ

ವಾಸು ಆಚಾರ್ಯರ ಬಲಗೈ ತೋರುಬೆರಳಿನ ಉಗುರಿನ ಕೆಳಗೆ ವಾರ್ನಿಷಿನ ಒಂದು ಕಂದು ಗೆರೆ ಇತ್ತು. ಉಗುರು ಬೆಳೆದ ಹಾಗೆ ಅದೂ ಮುಂದೆ ಸರಿದು ಹೋಗಬೇಕಿತ್ತು. ಹೋಗುತ್ತಿರಲಿಲ್ಲ, ಅಷ್ಟರಲ್ಲಿ ಹೊಸದು ಸೇರಿರುತ್ತಿತ್ತು. ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಅಮ್ಮನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. "ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದಿದ್ದೇನೆ ಅಕ್ಕ. ಅದು ಹೋಗ್ಲಿಕ್ಕಿಲ್ಲ. ನಾನು ಹೋಗುವಾಗ ಒಟ್ಟಿಗೆ ಬರ್ತದೆ," ಎಂದು ಅವರು ಅನ್ನ ಕಲಸುತ್ತಿದ್ದರು.

ಅಪ್ಪನಿಗೆ ಬ್ಯಾಂಕಿನಿಂದ ವಡೋದರಾಕ್ಕೆ ವರ್ಗವಾದಾಗ ನನಗೆ ಹನ್ನೊಂದು ವರ್ಷ. ನಾವು ಸೇರಿದ ಕಟ್ಟಡದ ಕೆಳ ಅಂತಸ್ತಿನ ಮನೆಯಲ್ಲಿ ಆಚಾರ್ಯರು ಒಬ್ಬರೇ ಇದ್ದರು. ಕಾರ್ಕಳದ ಕಡೆಯ ಬಡಗಿ. ಮದುವೆಯಾಗಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಊರಿನವರ ಉಡುಪಿ ಹೋಟೆಲಿಗೆ ಮೇಜು ಬೆಂಚು ಮಾಡಿಕೊಡಲು ಬಂದವರು ಇಲ್ಲೇ ಉಳಿದಿದ್ದರು. ಉಳಿಸಿದ್ದು ವಡೋದರಾದ ಮಕರಪುರದಲ್ಲಿ ಕಾರ್ಖಾನೆ ಇದ್ದ ಒಬ್ಬ ಶೇಠರು. ದೋಸೆ ತಿನ್ನಲು ಬಂದ ಶೇಠರು ಮೇಜಿನ ಅಡಿಗೆ ಕೈ ಹಾಕಿ, ಕೀಲುಗಳನ್ನು ಬೆರಳಿನಿಂದ ತಡವಿ ನೋಡಿ, "ಇದನ್ನು ಮಾಡಿದವನನ್ನು ಕರೆಯಿರಿ" ಎಂದರಂತೆ. "ದೋಸೆ ತಣ್ಣಗಾಯ್ತು, ಶೇಠ್ರು ಮೇಜಿನ ಕೆಳಗೇ ಇದ್ರು," ಎಂದು ಆಚಾರ್ಯರು ಪ್ರತಿಸಲವೂ ಅಷ್ಟೇ ಖುಷಿಯಿಂದ ಹೇಳುತ್ತಿದ್ದರು.

ಶೇಠರ ಶೆಡ್ಡಿನಲ್ಲಿ ಹಡಗಿನಿಂದ ಬಂದಿಳಿದ ಮೂರು ಉದ್ದ ಪೆಟ್ಟಿಗೆಗಳಿದ್ದವು. ಒಳಗೆ ಒಂದು ವಿಮಾನ. ವಿಮಾನ ಎಂದರೆ ಮರದ ಪಟ್ಟಿಗಳು, ತೆಳು ಹಲಗೆಗಳು, ಬಟ್ಟೆಯ ಸುರುಳಿ, ಚಿಕ್ಕ ಎಂಜಿನ್, ಡಬ್ಬಿಗಟ್ಟಲೆ ಬೋಲ್ಟು, ಒಂದು ಇಂಗ್ಲಿಷ್ ಕೈಪಿಡಿ. ಹೊರದೇಶಗಳಲ್ಲಿ ಹವ್ಯಾಸಿಗಳು ಹೀಗೆ ಬಿಡಿಭಾಗ ತರಿಸಿಕೊಂಡು ಮನೆಯಲ್ಲೇ ವಿಮಾನ ಕಟ್ಟಿಕೊಳ್ಳಲು ತೊಡಗಿದ್ದ ಮೊದಲ ದಿನಗಳವು. ಶೇಠರಿಗೆ ಓದಲು ಬರುತ್ತಿತ್ತು, ಕಟ್ಟಲು ಬರುತ್ತಿರಲಿಲ್ಲ. ಆಚಾರ್ಯರದು ಅದಕ್ಕೆ ಸರಿಯಾಗಿ ತಿರುಗುಮುರುಗು. ಶೇಠರು ಒಂದೊಂದೇ ಹಂತವನ್ನು ಗುಜರಾತಿಯಲ್ಲಿ ಗಟ್ಟಿಯಾಗಿ ಓದುವುದು, ಇವರು ಕೇಳಿ ಮಾಡುವುದು. ಮೂರು ವರ್ಷ ಹಿಡಿಯಿತು. ಅಳತೆಗಳನ್ನು ಇಬ್ಬರೂ ಪೆನ್ಸಿಲಿನಲ್ಲಿ ಮರದ ಮೇಲೇ ಬರೆದರು, ಶೇಠರು ಗುಜರಾತಿ ಅಂಕಿಯಲ್ಲಿ, ಇವರು ಕನ್ನಡ ಅಂಕಿಯಲ್ಲಿ. ಬಣ್ಣ ಬಳಿದದ್ದು ರೆಕ್ಕೆಗೆ ಮತ್ತು ಬಾಲಕ್ಕೆ ಮಾತ್ರ. ಒಡಲಿಗೆ ತೆಳ್ಳಗೆ ವಾರ್ನಿಷ್ ಹಚ್ಚಿ ಬಿಟ್ಟಿದ್ದರು, ಅಡಿಯಲ್ಲಿ ಆ ಲೆಕ್ಕಗಳೆಲ್ಲ ಕಾಣುವಂತೆ.

ಅದು ಹಾರಿತು, ಹಲವು ಸಲ. ಆಚಾರ್ಯರು ಒಮ್ಮೆಯೂ ಹತ್ತಲಿಲ್ಲ. ಯಾಕೆ ಎಂದು ಕೇಳಿದ್ದೆ. "ಕೆಳಗೆ ನಿಂತು ನೋಡ್ಲಿಕ್ಕೆ ಒಬ್ಬ ಬೇಡ್ವಾ ಮಾರಾಯ್ತಿ?" ಎಂದರು.

ನಾನು ಕಂಡಾಗ ಅದರ ಹಾರಾಟ ಮುಗಿದು ಬಹಳ ವರ್ಷವಾಗಿತ್ತು, ಶೇಠರೂ ಇರಲಿಲ್ಲ. ಶೆಡ್ಡಿನ ಬೀಗದ ಕೈ ಮಾತ್ರ ಆಚಾರ್ಯರ ಜನಿವಾರದಲ್ಲಿ ತೂಗುತ್ತಿತ್ತು. ಪ್ರತಿವರ್ಷ ಆಯುಧಪೂಜೆಗೆ ನಮ್ಮನ್ನೆಲ್ಲ ಕರೆದೊಯ್ಯುತ್ತಿದ್ದರು. ಪ್ರೊಪೆಲ್ಲರಿಗೆ ವಾರ್ನಿಷ್ ಹಚ್ಚಿ, ಮೂತಿಗೆ ಕುಂಕುಮ ಇಟ್ಟು, ಚಕ್ರದ ಮುಂದೆ ಕುಂಬಳಕಾಯಿ ಒಡೆಯುತ್ತಿದ್ದರು. ನಾನು ಮೂಲೆಯಲ್ಲಿ ನಿಂತು ಅಂಕಿಗಳನ್ನು ಓದುತ್ತಿದ್ದೆ. "ಮಾತಾಡ್ಲಿಕ್ಕೂ ಟಿಕೆಟ್ ಉಂಟಾ ನಿನ್ನ ಹತ್ರ? ಎಂತಾದ್ರೂ ಹೇಳು," ಎಂದು ಛೇಡಿಸುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಆದರೆ ಮುಂದೆ ನಾನು ವಸ್ತುಸಂಗ್ರಹಾಲಯ ಶಾಸ್ತ್ರವನ್ನು ಆರಿಸಿಕೊಂಡದ್ದಕ್ಕೆ ಆ ಶೆಡ್ಡಿಗಿಂತ ಬೇರೆ ಕಾರಣ ನನಗೆ ಗೊತ್ತಿಲ್ಲ.

ಈ ವರ್ಷ ಕಾರ್ಖಾನೆ ಮಾರಾಟವಾಯಿತು. ಹೊಸ ಮಾಲೀಕರ ಮ್ಯಾನೇಜರು ಬಂದು, ತಿಂಗಳೊಳಗೆ ಯಾರಾದರೂ ಒಯ್ಯದಿದ್ದರೆ ವಿಮಾನ ಗುಜರಿಗೆ ಹೋಗುತ್ತದೆ ಎಂದರು. ಆಚಾರ್ಯರು ಅವರ ಕಾಲು ಮುಟ್ಟಲು ಬಗ್ಗಿದ್ದನ್ನು ನಾನು ನೋಡಿದೆ. ಎಪ್ಪತ್ತು ದಾಟಿದ ಮನುಷ್ಯ.

ನಾನು ಎಲ್ಲ ಕಡೆ ಬರೆದೆ. ಹಳೆಯ ವಾಹನಗಳನ್ನು ಸಂಗ್ರಹಿಸುವ ಸೂರತ್ತಿನ ಒಬ್ಬ ಬಟ್ಟೆ ವ್ಯಾಪಾರಿ ಆಸಕ್ತಿ ತೋರಿಸಿದರು. ಅವರ ಪರವಾಗಿ ಅಹಮದಾಬಾದಿನಿಂದ ಒಬ್ಬ ಮೌಲ್ಯಮಾಪಕರು ಬಂದು ನೋಡುವುದೆಂದಾಯಿತು. ನನ್ನ ಪತ್ರದಲ್ಲಿ ವ್ಯಾಪಾರಿಯನ್ನು ಸೆಳೆದದ್ದು ಒಂದೇ ಸಾಲು: ಕಟ್ಟಿದವರ ಪೆನ್ಸಿಲ್ ಗುರುತುಗಳು ಹಾಗೇ ಉಳಿದಿವೆ. ಆ ಸಾಲನ್ನು ನಾನು ಆಚಾರ್ಯರಿಗೆ ಓದಿ ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೂ ಇಲ್ಲ.

ಮೌಲ್ಯಮಾಪಕರು ಬರುವ ಹಿಂದಿನ ದಿನ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಹೊಸ ಬಣ್ಣದ ವಾಸನೆ. ಆಚಾರ್ಯರು ಮೊಣಕಾಲೂರಿ ಪಾಲಿಶ್ ಪೇಪರಿನಿಂದ ಒಡಲನ್ನು ಉಜ್ಜುತ್ತಿದ್ದರು, ತಲೆ, ಮೀಸೆ ಎಲ್ಲ ಮರದ ಹುಡಿ. ಬಲಗಡೆ ಪೂರ್ತಿ ಮುಗಿದು, ಹೊಳೆಯುವ ಬಿಳಿ ಬಣ್ಣ ಬಿದ್ದಿತ್ತು. ಎಡಗಡೆಯನ್ನು ಆಗಷ್ಟೇ ಬಾಲದ ತುದಿಯಿಂದ ಶುರು ಮಾಡಿದ್ದರು. ಅಂಕಿಗಳು ಇನ್ನೂ ಇದ್ದವು.

"ಹೇಗೆ ಉಂಟು?" ಎಂದರು. ನಾನು ಬಿಳಿ ಬಣ್ಣದತ್ತ ನೋಡಿದೆ. "ಅಲ್ಲ ಮಗಾ, ಹೆಣ್ಣು ನೋಡ್ಲಿಕ್ಕೆ ಬರುವಾಗ ಹಳೇ ಸೀರೆಯಲ್ಲಿ ಕೂರಿಸ್ತಾರಾ? ಎರಡು ದಿನ ಊಟ ಇಲ್ಲ, ನಿದ್ದೆ ಇಲ್ಲ. ನಾಳೆ ಬಂದವರು ಬಾಯಿ ಬಿಡ್ಬೇಕು."

ಹಳೆಯ ವಸ್ತುವಿನ ಮೇಲ್ಮೈ ಮುಟ್ಟಬಾರದು ಎಂಬುದು ನಮ್ಮ ಮೊದಲ ವರ್ಷದ ಮೊದಲ ಪಾಠ. ನಿಲ್ಲಿಸಿ ಎಂದಿದ್ದರೆ ಅರ್ಧ ಉಳಿಯುತ್ತಿತ್ತು. ಆದರೆ ಹಾಗೆಂದರೆ ಇನ್ನರ್ಧವನ್ನು ಅವರೇ ಹಾಳುಮಾಡಿದ್ದಾರೆ ಎಂದೂ ಹೇಳಬೇಕಿತ್ತು. ಹುಡಿ ಮೆತ್ತಿದ ಆ ಮುಖ ನೋಡಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಚೆನ್ನಾಗಿದೆ ಮಾಮ," ಎಂದು ಮನೆಗೆ ಬಂದೆ.

ಮೌಲ್ಯಮಾಪಕರು ಒಳ್ಳೆಯ ಮನುಷ್ಯ. ವಿಮಾನವನ್ನು ಎರಡು ಸುತ್ತು ಬಂದು, ಕೊನೆಗೆ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: "ಕಾಕಾ, ಆ ಪೆನ್ಸಿಲ್ ಗುರುತುಗಳು?"

"ಸಬ್ ಘಿಸ್ ದಿಯಾ ಸಾಹೇಬ್," ಎಂದರು ಆಚಾರ್ಯರು, ಅಂಗೈಯಿಂದ ಒಡಲನ್ನು ಸವರುತ್ತಾ. "ಎಲ್ಲ ಉಜ್ಜಿ ತೆಗೆದೆ, ಒಂದೂ ಬಿಡ್ಲಿಲ್ಲ. ಗಾಜಿನ ಹಾಗೆ ಮಾಡಿದ್ದೇನೆ."

ಮೌಲ್ಯಮಾಪಕರು ನನ್ನತ್ತ ನೋಡಿದರು. ಆಮೇಲೆ ಒಂದು ಸ್ಟೂಲಿನ ಮೇಲೆ ಕುಳಿತು, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ಇಂಥ ವಿಮಾನಕ್ಕೆ ಬೆಲೆ ಬರುವುದು ಅದು ಹಾರುತ್ತದೆ ಎಂದಲ್ಲ, ಚೆಂದ ಇದೆ ಎಂದೂ ಅಲ್ಲ. ಕಾರ್ಖಾನೆಯಲ್ಲಿ ಆಗದೆ ಯಾರೋ ಇಬ್ಬರ ಕೈಯಲ್ಲಿ ಆಯಿತಲ್ಲ, ಆ ಕೈಗಳು ಅದರ ಮೇಲೆ ಕಾಣಬೇಕು. "ಈಗ ಇದು ಅಂಗಡಿಯಿಂದ ತಂದ ಫ್ರಿಜ್ಜಿನ ಹಾಗಿದೆ ಕಾಕಾ."

ಆಚಾರ್ಯರು ತಮ್ಮ ಎರಡೂ ಕೈಗಳನ್ನು ಅವರ ಮುಂದೆ ಚಾಚಿದರು. "ಮಾಡಿದ ಕೈ ಇಲ್ಲೇ ಉಂಟಲ್ಲ ಸಾಹೇಬ್ರೆ. ನೋಡಿ."

ಮೌಲ್ಯಮಾಪಕರು ಆ ಕೈಗಳನ್ನು ಹಿಡಿದು, ಮೆಲ್ಲಗೆ ಬಿಟ್ಟರು.

ಸೂರತ್ತಿನಿಂದ ಬೇಡವೆಂಬ ಉತ್ತರ ಬಂತು. ಆಚಾರ್ಯರು ಸೂರತ್ತಿಗೇ ಹೋಗಿ ವ್ಯಾಪಾರಿಯನ್ನು ಕಾಣುತ್ತೇನೆಂದು ಹಟ ಹಿಡಿದರು. ನಾನೂ ರೈಲು ಹತ್ತಿದೆ. ರೆಕ್ಕೆಗೆಂದು ಮಾಡಿ ಬಳಸದೆ ಉಳಿದಿದ್ದ ಒಂದು ಮರದ ಚೌಕಟ್ಟನ್ನು, ಪೆನ್ಸಿಲ್ ಗುರುತು ಇದ್ದುದನ್ನು, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಸೂರತ್ತಿನ ಉಧ್ನಾದಲ್ಲಿದ್ದ ವ್ಯಾಪಾರಿಯ ಕಾರ್ಖಾನೆಯ ಗೇಟಿನಲ್ಲಿ ಮೂರು ತಾಸು ನಿಂತೆವು. ಕಾವಲುಗಾರ ಬೈರಾಸು ಸರಿಸಿ ನೋಡಿ ನಕ್ಕ. "ಏನು ಕಾಕಾ, ಉತ್ತರಾಯಣದ ಹಬ್ಬಕ್ಕೆ ಇನ್ನೂ ದಿನ ಇದೆ. ಈಗಲೇ ಗಾಳಿಪಟ ಕಟ್ಟುತ್ತಿದ್ದೀರಾ?" ಆಚಾರ್ಯರು ಕೋಪ ಮಾಡಿಕೊಳ್ಳಲಿಲ್ಲ. "ಗಾಳಿಪಟವೇ. ಸ್ವಲ್ಪ ದೊಡ್ಡದು," ಎಂದರು. ವ್ಯಾಪಾರಿ ನಮ್ಮನ್ನು ಒಳಗೆ ಕರೆಯಲಿಲ್ಲ. ಬರುವಾಗ ರೈಲಿನಲ್ಲಿ ಆಚಾರ್ಯರು ಒಂದೇ ಮಾತು ಆಡಿದ್ದು: "ನಾನು ಉಜ್ಜಬಾರದಿತ್ತು, ಅಲ್ವಾ?" ನಾನು ಕಿಟಕಿಯ ಹೊರಗೆ ನೋಡಿದೆ.

ಕೊನೆಗೆ ಅವರು ಮೊದಲು ಮೇಜು ಮಾಡಿಕೊಟ್ಟ ಹೋಟೆಲಿನವರೇ ತಮ್ಮ ಉಗ್ರಾಣದ ಅಟ್ಟ ಕೊಡುತ್ತೇವೆಂದರು. ಇಡೀ ವಿಮಾನ ಅಲ್ಲಿ ಹಿಡಿಸದು, ಬಿಚ್ಚಿದ ಭಾಗಗಳನ್ನಾದರೆ ಇಡಬಹುದು. ಸೋಮವಾರ ಬೆಳಿಗ್ಗೆ ಗುಜರಿಯ ಲಾರಿ ಬರುವುದಿತ್ತು. ಅಷ್ಟರೊಳಗೆ ಬಿಚ್ಚಿ ಇಟ್ಟದ್ದು ನಿಮ್ಮದು, ನಿಂತದ್ದು ಲಾರಿಯದು ಎಂದರು ಮ್ಯಾನೇಜರು.

"ಹರಿದು ಮುರಿದು ಅಲ್ಲ. ಕಟ್ಟಿದ ಹಾಗೇ ಬಿಚ್ಚುವಾ," ಎಂದರು ಆಚಾರ್ಯರು. "ನೀನು ಪುಸ್ತಕ ಓದು. ಕೊನೇ ಪುಟದಿಂದ. ಸರಿಯಾಗಿ ಬಿಚ್ಚಿಟ್ರೆ ಮುಂದೆ ಯಾರಾದ್ರೂ ಕೂಡಿಸಿಯಾರು."

ಗುರುವಾರದಿಂದ ನಾನು ಶೇಠರ ಜಾಗದಲ್ಲಿ ಕುಳಿತು ಕೈಪಿಡಿಯನ್ನು ಹಿಂದಿನಿಂದ ಮುಂದಕ್ಕೆ, ಕನ್ನಡದಲ್ಲಿ ಓದುತ್ತಾ ಹೋದೆ. ಪ್ರೊಪೆಲ್ಲರ್ ಬಂತು. ಎಂಜಿನ್ ಇಳಿಯಿತು. ಬಾಲ ಬಂತು. ನನ್ನ ಧ್ವನಿ ಅವರಿಗೆ ಸಾಲುತ್ತಿರಲಿಲ್ಲ. "ಗಟ್ಟಿ ಓದು ಮಾರಾಯ್ತಿ! ನನಗೆ ಮಾತ್ರ ಅಲ್ಲ, ಅದಕ್ಕೂ ಕೇಳ್ಬೇಕು."

ಶನಿವಾರ ಮಧ್ಯಾಹ್ನ ಬಲಗಡೆಯ ರೆಕ್ಕೆ ಕಳಚಿತು. ರೆಕ್ಕೆಯ ಬುಡ ಒಡಲಿಗೆ ಒತ್ತಿಕೊಂಡಿದ್ದ ಜಾಗಕ್ಕೆ ಪಾಲಿಶ್ ಪೇಪರ್ ತಲುಪಿರಲಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ ಒಂದು ಗುಜರಾತಿ ಅಂಕಿ, ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಕನ್ನಡ ಅಂಕಿ.

"ಶೇಠ್ರ ಲೆಕ್ಕ ತಪ್ಪಿತ್ತು," ಎಂದರು ಆಚಾರ್ಯರು. ಎರಡೂ ಅಂಕಿಗಳ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ತೋಳು ಹಿಡಿದರು. "ಆ ಸಾಹೇಬ್ರಿಗೆ ಫೋನ್ ಮಾಡು. ಇಷ್ಟು ಉಳಿದಿದೆ ಅಂತ ಹೇಳು. ಎಡಗಡೆಯದ್ರ ಬುಡದಲ್ಲೂ ಇರ್ತದೆ. ಹೇಳು ಮಗಾ."

ಫೋನ್ ಮಾಡಿದೆ. ವ್ಯಾಪಾರಿ ಆಗಲೇ ಬೇರೇನನ್ನೋ ಕೊಂಡಿದ್ದರಂತೆ. ಆಚಾರ್ಯರ ಮುಖ ನೋಡಲಾಗದೆ, ಕೊನೆಗೂ ನಾನು, "ಮಾಮ, ಒಂದು ವಿಷಯ ಹೇಳಬೇಕು. ಆ ದಿನ..." ಎಂದೆ.

"ಸೋಮವಾರ ಹೇಳು. ಈಗ ಚಾ ಕುಡಿಯುವಾ."

ಸಂಜೆ ಅಮ್ಮ ಅವರ ಮನೆಗೆ ಸಾರು ಕೊಡಲು ಹೋದಾಗ ಅವರು ಕುರ್ಚಿಯಲ್ಲಿ ಕುಳಿತಂತೆಯೇ ಇದ್ದರು. ಕೈಪಿಡಿ ಮಡಿಲಲ್ಲಿತ್ತು. ಹೃದಯ ಎಂದರು ಡಾಕ್ಟರು. ಭಾನುವಾರ ಮಧ್ಯಾಹ್ನ ಹೋಟೆಲಿನವರೇ ಹೆಗಲು ಕೊಟ್ಟರು. ಒಯ್ಯುವ ಮೊದಲು ನಾನು ಅವರ ಬಲಗೈ ನೋಡಿದೆ. ಉಗುರಿನ ಕೆಳಗೆ ಗೆರೆ ಇತ್ತು. ಕಂದು ಅಲ್ಲ, ಬಿಳಿ.

ಮರುದಿನ ಬೆಳಿಗ್ಗೆ ಏಳಕ್ಕೆ ಕೈಪಿಡಿ ಹಿಡಿದು ಮಕರಪುರಕ್ಕೆ ಹೋದೆ. ಲಾರಿ ಬಂದಾಗಿತ್ತು. ಇಬ್ಬರು ಕೊಡಲಿ, ಗರಗಸ ಹಿಡಿದು ಎಡಗಡೆಯ ರೆಕ್ಕೆಯ ಬಳಿ ನಿಂತಿದ್ದರು. "ಖಸೋ ಬೇನ್," ಎಂದು ಒಬ್ಬ ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿದ.

"ಊಭಾ ರಹೋ!" ಎಂದೆ. ನಿಲ್ಲಿ ಎಂದು ಅಷ್ಟು ಜೋರಾಗಿ ನಾನು ಯಾರಿಗೂ ಹೇಳಿರಲಿಲ್ಲ. ತಗಡಿನ ಚಾವಣಿ ಅದನ್ನು ಮತ್ತೊಮ್ಮೆ ಹೇಳಿತು.

ಇಬ್ಬರೂ ನಿಂತರು. ನಾನು ಪುಟ ತೆಗೆದು, ಅಲ್ಲಿ ಯಾರಿಗೂ ತಿಳಿಯದ ಕನ್ನಡದಲ್ಲಿ, ಆ ಹಂತವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಎಡಗಡೆಯ ರೆಕ್ಕೆ, ನಾಲ್ಕು ಬೋಲ್ಟು, ತುದಿಯನ್ನು ಒಬ್ಬರು ಹಿಡಿದಿರಬೇಕು. ಕೊಡಲಿ ಹಿಡಿದವನಿಗೆ ಕೈಸನ್ನೆ ಮಾಡಿದೆ. ಅವನು ಅದನ್ನು ಕೆಳಗಿಟ್ಟು, ರೆಕ್ಕೆಯ ತುದಿಗೆ ಹೆಗಲು ಕೊಟ್ಟ. ನಾನು ಆಚಾರ್ಯರ ಸ್ಪ್ಯಾನರನ್ನು ಮೊದಲ ಬೋಲ್ಟಿಗೆ ಕೂರಿಸಿದೆ.