ಎಣ್ಣೆ ಬಿದ್ದ ತಲೆ

ನಾನು ಚಿಕ್ಕವಳಿದ್ದಾಗ ನನ್ನ ತಲೆ ಕಂಡರೆ ನಮ್ಮವ್ವನಿಗೆ ಆಗುತ್ತಿರಲಿಲ್ಲ. ಮನೆಯಲ್ಲಿ ಎಲ್ಲರದೂ ನೆಟ್ಟಗೆ ಇಳಿಯುವ ಕೂದಲು, ನನ್ನದೊಂದೇ ಗುಂಗುರು. ಬಾಚಣಿಗೆ ಹಾಕಿದರೆ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಎಳೆದರೆ ಹಲ್ಲು ಮುರಿಯುತ್ತಿತ್ತು. ಬಾಚಣಿಗೆಯ ಹಲ್ಲು, ನನ್ನದಲ್ಲ. ಮೂರು ಬಾಚಣಿಗೆ ಮುರಿದ ಮೇಲೆ ಅವ್ವ ನನ್ನ ತಲೆಯ ಸಹವಾಸವೇ ಬೇಡವೆಂದು ಬಿಟ್ಟಳು.

ಅವಳದೂ ತಪ್ಪಲ್ಲ. ಬಾವಿಯಿಂದ ನೀರು ಸೇದಬೇಕು, ಹಸು ಕರೆಯಬೇಕು, ಮುದ್ದೆ ತೊಳಸಬೇಕು, ಆಮೇಲೆ ಹೊಲಕ್ಕೆ ಹೋಗಬೇಕು. ನನ್ನ ತಲೆಗೆ ಅರ್ಧ ದಿನ ಎಲ್ಲಿಂದ ತರುತ್ತಾಳೆ? ಅದೂ ಅಲ್ಲದೆ ಆ ವರ್ಷ ಮನೆಯ ಹರಳೆಣ್ಣೆ ದೀಪಾವಳಿಗೆ ಮೊದಲೇ ಮುಗಿದುಹೋಗಿತ್ತು. ಎಣ್ಣೆ ಕಾಣದ ಗುಂಗುರು ಕೂದಲು ಏನಾಗುತ್ತದೆ ಎನ್ನುವುದು ಅಂಥ ಕೂದಲಿದ್ದವರಿಗೇ ಗೊತ್ತು. ತೆಂಗಿನ ನಾರಿನ ಹಾಗೆ ಒಣಗುತ್ತದೆ. ಒಂದಕ್ಕೊಂದು ಹೆಣೆದುಕೊಂಡು ಕಿವಿಯ ಹಿಂದೆ ಗಂಟು ಕಟ್ಟುತ್ತದೆ. ಆ ಗಂಟಿನೊಳಗೆ ಹೇನುಗಳು ಸಂಸಾರ ಹೂಡುತ್ತವೆ. ನಾನು ಸ್ಕೂಲಿನಲ್ಲಿ ಬರೆಯುವುದಕ್ಕಿಂತ ಕೆರೆದುಕೊಳ್ಳುವುದೇ ಜಾಸ್ತಿಯಾಯಿತು.

ಕೊನೆಗೆ ಒಂದು ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಅವ್ವ ತೀರ್ಮಾನ ಹೇಳಿದಳು. "ನಾಳೆ ಕ್ಷೌರದ ತಾತ ಬತ್ತಾನಲ್ಲ, ಬುಡಕ್ಕೆ ಕತ್ತರಿಸಾಕ್ಸಿಬಿಡ್ತೀನಿ. ತಲೆನೂ ಹಗುರ, ಮನೆನೂ ಹಗುರ."

ನಾನು ಮುದ್ದೆ ಮುರಿಯುವುದನ್ನು ಬಿಟ್ಟೆ. ನಮ್ಮ ಕ್ಲಾಸಿನಲ್ಲಿ ಒಬ್ಬಳಿಗೆ ತಲೆ ಬೋಳಿಸಿದ್ದರು. ಹುಡುಗರು ದಿನವೂ ಅವಳ ಹಿಂದೆ ಹೋಗಿ ನೆತ್ತಿಯ ಮೇಲೆ ಟಪ್ಪೆಂದು ಹೊಡೆದು ಓಡುತ್ತಿದ್ದರು. ಆಮೇಲೆ ಆಮೇಲೆ ಅವಳು ಸ್ಕೂಲಿಗೆ ಬರುವುದನ್ನೇ ಬಿಟ್ಟಳು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಸ್ಕೂಲು ಬಿಟ್ಟು ಅವ್ವನ ಜೊತೆ ಮನೆ ಕೆಲಸಕ್ಕೆ ನಿಂತಿದ್ದಳು.

"ಒಸಿ ತಡಿಯವ್ವ. ಹೊಸ ಹರಳು ಒಣಗೈತೆ, ನಾಳೇನೇ ಎಣ್ಣೆ ತೆಗೀತೀನಿ. ಎಣ್ಣೆ ಇದ್ರೆ ನಾನ್ ಬುಡಿಸ್ತೀನಿ ಸಿಕ್ಕ," ಎಂದಳು ಅಕ್ಕ.

"ಎಣ್ಣೆ ತೆಗಿ. ಆದ್ರೆ ಈ ತಲೆಗಲ್ಲ. ಇದು ಒಂದು ಗಾಣದೆಣ್ಣೆ ಕುಡೀತದೆ," ಎಂದು ಅವ್ವ ಎದ್ದು ಕೈ ತೊಳೆದುಕೊಂಡಳು. ತಲೆ ಕೂದಲಿನ ವಿಚಾರದಲ್ಲಿ ಅಪ್ಪ ಎಂದೂ ಬಾಯಿ ಹಾಕಿದವನಲ್ಲ.

ಸೋಮವಾರ ಬೆಳಿಗ್ಗೆ ಚಳಿ ಬಿಡುವ ಮುಂಚೆಯೇ ಅವ್ವ ಅವರೆಕಾಯಿ ಕೀಳಲು ಹೊಲಕ್ಕೆ ಹೋದಳು, ಅಪ್ಪ ಗಾಡಿ ಹೂಡಿಕೊಂಡು ಯಲಹಂಕಕ್ಕೆ ಹೋದ. ಅಕ್ಕ ಹಿತ್ತಲಲ್ಲಿ ಒಲೆ ಹಚ್ಚಿದಳು. ಕ್ಷೌರದ ತಾತ ಹದಿನೈದು ದಿನಕ್ಕೊಂದು ಸೋಮವಾರ ನಮ್ಮೂರು ಕೋಗಿಲಿಗೆ ಬರುತ್ತಿದ್ದ. ಕೆರೆ ಕಡೆಯ ಮನೆಗಳಿಂದ ಶುರುಮಾಡಿ ನಮ್ಮ ಬೀದಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿರುತ್ತಿತ್ತು. ಅಷ್ಟರೊಳಗೆ ಎಣ್ಣೆ ತೆಗೆದು, ನನ್ನ ತಲೆಗೆ ಹಚ್ಚಿ, ಒಂದು ಪಕ್ಕವಾದರೂ ಬಿಡಿಸಿ ತೋರಿಸಿದರೆ ಅವ್ವ ಮನಸ್ಸು ಬದಲಾಯಿಸುತ್ತಾಳೆ ಎನ್ನುವುದು ಅಕ್ಕನ ಲೆಕ್ಕ.

ಹರಳೆಣ್ಣೆ ಎಂದರೆ ಬಾಟಲಿಯಿಂದ ಬಗ್ಗಿಸುವುದಲ್ಲ, ಮಕ್ಕಳೇ. ನಮ್ಮ ಹೊಲದಲ್ಲಿ ರಾಗಿಯ ಅಂಚಿಗೆ ಹರಳು ಗಿಡ ಇರುತ್ತಿದ್ದವು. ಮುಳ್ಳು ಮುಳ್ಳಾದ ಕಾಯಿ ತಂದು ಬಿಸಿಲಿಗೆ ಹರವಿದರೆ ಚಟ್ ಚಟ್ ಎಂದು ಸಿಡಿದು ಬೀಜ ಉದುರುತ್ತಿತ್ತು. ಕಂದು ಮೈಮೇಲೆ ಬಿಳಿ ಗೆರೆ ಎಳೆದ ಆ ಬೀಜಗಳನ್ನು ಅಕ್ಕ ಬಾಣಲೆಯಲ್ಲಿ ಹುರಿದಳು. ಹುರಿಯುವಾಗ ಮೂಗಿಗೆ ಬಡಿಯುವ ಒಂದು ಕಮಟು ವಾಸನೆ ಏಳುತ್ತದೆ. ಆಮೇಲೆ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿದಳು, ಕುಟ್ಟಿ ಕುಟ್ಟಿ ಕಪ್ಪು ಮಣ್ಣಿನಂತೆ ಆಗುವವರೆಗೂ. ಅದನ್ನು ದೊಡ್ಡ ಮಡಕೆಯ ನೀರಿಗೆ ಹಾಕಿ ಕುದಿಸಿದರೆ ಎಣ್ಣೆ ನೊರೆಯ ಜೊತೆ ಮೇಲಕ್ಕೆ ತೇಲುತ್ತದೆ. ಸೌಟಿನಲ್ಲಿ ಮೆಲ್ಲಗೆ ತೇಲಿಸಿ ತೆಗೆಯಬೇಕು. ತೆಗೆದದ್ದನ್ನು ಮತ್ತೆ ಕಾಯಿಸಿ ನೀರಿನ ಪಸೆ ಆರಿಸಬೇಕು.

ನಮ್ಮ ಮನೆಯಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಎಣ್ಣೆ ಬೇಯಿಸುವವರು ಬಾಯಿ ಬಿಡಬಾರದು, ಹೊರಗಿನವರು ಅದನ್ನು ನೋಡಬಾರದು. ದೃಷ್ಟಿ ಬಿದ್ದರೆ ಎಣ್ಣೆ ತೇಲದೆ ತಳಕ್ಕೆ ಇಳಿಯುತ್ತದೆ ಎಂದು ನಂಬಿದ್ದೆವು. ಹಾಗಾಗಿ ಅಕ್ಕ ಒಲೆ ಮುಂದೆ ಮೂಗಿಯಾದಳು. ನನ್ನನ್ನು ಮುಂಬಾಗಿಲಲ್ಲಿ ಕಾವಲಿಗೆ ಕೂರಿಸಿದಳು. ಸ್ಕೂಲಿಗೆ ಚಕ್ಕರ್.

ಮೊದಲು ಬಂದವಳು ಪಕ್ಕದ ಮನೆಯ ದೊಡ್ಡವ್ವ. ಅವಳ ಕಣ್ಣು ಕೆಟ್ಟದ್ದು ಎಂದು ಊರೆಲ್ಲ ಹೇಳುತ್ತಿದ್ದರು. ಪಾಪ, ಅವಳ ಕಣ್ಣಿಗೆ ಪೊರೆ ಬಂದಿತ್ತು ಅಷ್ಟೇ.

"ಏನ್ ಬೇಯಿಸ್ತಾವ್ಳೆ ನಿಮ್ಮಕ್ಕ?"

"ಉಳ್ಳಿಕಾಳು ದೊಡ್ಡವ್ವ," ಎಂದು ಹುರುಳಿಯ ಸುಳ್ಳು ಹೇಳಿದೆ ನಾನು.

"ಅಂಗಾರೆ ಒಂದ್ ಚೊಂಬು ಕಟ್ಟು ಕೊಡೇಳು, ಮಧ್ಯಾನದ ಸಾರಿಗಾಯ್ತದೆ."

"ಇನ್ನೂ ಬೆಂದಿಲ್ಲ."

"ಬೆಳಗಿಂದ ಒನಕೆ ಸದ್ದು ಕೇಳ್ತಾ ಐತೆ. ಉಳ್ಳಿಕಾಳ್ನ ಕುಟ್ಟಿ ಬೇಯಿಸೋದು ನಿಮ್ಮನೇಲೇ ಕಣೇ ನಾ ನೋಡಿದ್ದು." ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಆಯ್ತು ಬುಡು, ನಾನೇನೂ ಕೇಳ್ಲಿಲ್ಲ. ನಿಮ್ಮಕ್ಕಂಗೇಳು, ಉಳ್ಳಿ ಚೆನ್ನಾಗಿ ತೇಲ್ಲಿ ಅಂತ."

ಅವಳು ಹೋದ ಮೇಲೆ ನಾನು ಗೆದ್ದೆ ಅಂದುಕೊಂಡೆ. ಅಷ್ಟರಲ್ಲೇ ಬೀದಿಯ ತುದಿಯಲ್ಲಿ ತಗಡಿನ ಪೆಟ್ಟಿಗೆ ಹಿಡಿದುಕೊಂಡು ಕ್ಷೌರದ ತಾತ ಬರುವುದು ಕಾಣಿಸಿತು. ಅವತ್ತು ಯಾಕೋ ಕೆರೆ ಕಡೆ ಹೋಗದೆ ನಮ್ಮ ಬೀದಿಯಿಂದಲೇ ಶುರು ಮಾಡಿದ್ದ. ದಾರಿಯಲ್ಲಿ ಅಪ್ಪ ಸಿಕ್ಕಿ, ಅವ್ವ ಹೇಳಿದ ಮಾತನ್ನು ಮುಟ್ಟಿಸಿದ್ದನಂತೆ. ಅಪ್ಪನಿಗೆ ಬೇರೆ ಯಾವ ಮಾತು ಮರೆತರೂ ಅವ್ವ ಹೇಳಿದ್ದು ಮರೆಯುತ್ತಿರಲಿಲ್ಲ.

ತಾತ ಜಗುಲಿಯ ಮೇಲೆ ಕೂತು ಪೆಟ್ಟಿಗೆ ತೆರೆದ. ಕತ್ತರಿಯನ್ನು ಕಲ್ಲಿಗೆ ಸವರಿದ. ನನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಕುರಿ ಉಣ್ಣೆ ಕತ್ತರಿಸೋರ್ನ ಕರೀಬೇಕಿತ್ತು ನಿಮ್ಮವ್ವ. ನನ್ ಕತ್ತರಿ ತಡೀತದಾ ಇದಕ್ಕೆ?" ಎಂದ.

"ಅವ್ವ ಮನೇಲಿಲ್ಲ ತಾತ. ನೀ ಕೆರೆ ಕಡೆ ಮುಗಿಸ್ಕೊಂಡು ಬಾ."

"ಬತ್ತಾಳೆ, ಕಾಯ್ತೀನಿ," ಎಂದು ಎಲೆ ಅಡಿಕೆ ತೆಗೆದ.

ನಾನು ಹಿತ್ತಲಿಗೆ ಓಡಿದೆ. ಅಕ್ಕನ ಮುಖವೆಲ್ಲ ಬೆವರು, ಹೊಗೆ. ಮಡಕೆಯ ಮೇಲೆ ಮತ್ತೆ ನೊರೆ ಏಳುತ್ತಿತ್ತು. ಮೊದಲು ತೇಲಿದ್ದನ್ನು ಒಂದು ಕಂಚಿನ ಚೊಂಬಿಗೆ ತೆಗೆದಿಟ್ಟಿದ್ದಳು, ಮುಕ್ಕಾಲು ಚೊಂಬಿನಷ್ಟು. ನಾನು ಬಾಯಿ ತೆರೆದೆ. ಅಕ್ಕ ಬೆರಳು ತುಟಿಯ ಮೇಲಿಟ್ಟಳು. ನಾನು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ಬೀದಿ ಕಡೆ ತೋರಿಸಿದೆ. ಅಕ್ಕನಿಗೆ ಅರ್ಥವಾಯಿತು. ಅವಳು ಸೌಟು ಹಿಡಿದುಕೊಂಡೇ ನಿಂತಳು. ಅಷ್ಟರಲ್ಲಿ ಮುಂದುಗಡೆಯಿಂದ ಅವ್ವನ ದನಿ ಕೇಳಿತು. ಅವರೆಕಾಯಿ ಕುಕ್ಕೆ ಹೊತ್ತು ಬಂದಿದ್ದಳು. ಬಂದವಳೇ ಹಿತ್ತಲಿಗೆ ನುಗ್ಗಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೀದಿಗೆಲ್ಲ ಕೇಳುವಂತೆ ಅತ್ತೆ. ಅವ್ವ ನನ್ನ ಎರಡೂ ಭುಜ ಒತ್ತಿ ಹಿಡಿದಳು. ತಾತ ನೀರು ಚಿಮುಕಿಸಿದ. ತಣ್ಣಗಿನ ಕತ್ತರಿ ಎಡಗಿವಿಗೆ ತಾಗಿತು. ಕರ್ ಎಂದು ಸದ್ದಾಯಿತು. ಒಂದು ಮುಷ್ಟಿಯಷ್ಟು ಗಂಟು ನನ್ನ ತೊಡೆಯ ಮೇಲೆ ಬಿತ್ತು. ಅದನ್ನು ನೋಡಿ ನನಗೆ ಅಳುವುದೂ ಮರೆತುಹೋಯಿತು.

ಆಗ ಅಕ್ಕ ಬಂದಳು. ಕೈಯಲ್ಲಿ ಆ ಕಂಚಿನ ಚೊಂಬು. ಯಾರೂ ನೋಡಬಾರದ ಎಣ್ಣೆಯನ್ನು ಬೀದಿ ಬಾಗಿಲಿಗೆ ತಂದಿದ್ದಳು. ಒಂದು ಮಾತಿಲ್ಲ. ಅವ್ವನ ಎದುರಿಗೆ, ತಾತನ ಎದುರಿಗೆ, ಚೊಂಬನ್ನು ನನ್ನ ನೆತ್ತಿಯ ಮೇಲೆ ಬೋರಲು ಹಾಕಿದಳು.

ಉಗುರು ಬೆಚ್ಚಗಿನ ಎಣ್ಣೆ. ಜೇನಿನ ಹಾಗೆ ಗಟ್ಟಿ. ನೆತ್ತಿಯಿಂದ ಹಣೆಗೆ, ಹಣೆಯಿಂದ ರೆಪ್ಪೆಗೆ, ಕತ್ತಿನಿಂದ ಬೆನ್ನಿಗೆ ನಿಧಾನವಾಗಿ ಇಳಿಯಿತು. ಹುರಿದ ಬೀಜ, ಸೌದೆ ಹೊಗೆ, ಎರಡೂ ಸೇರಿದ ವಾಸನೆ. ನಾನು ಕಣ್ಣು ಮುಚ್ಚಿಕೊಂಡೆ.

ಮೊದಲು ಮಾತಾಡಿದವನು ತಾತ. "ಎಣ್ಣೆ ಬಿದ್ದ ತಲೆಗೆ ಕತ್ತರಿ ಆಕಲ್ಲ ಕಣವ್ವ. ನಮ್ಮಪ್ಪನೂ ಆಕ್ಲಿಲ್ಲ, ನಾನೂ ಆಕಲ್ಲ."

"ಒರೆಸಿ ಕೊಡ್ತೀನಿ ಇರು," ಎಂದಳು ಅವ್ವ.

"ಒರೆಸಿದ್ರೆ ಎಣ್ಣೆ ಬಿದ್ದಿದ್ದು ಬೀಳ್ದೇ ಇದ್ದಂಗಾಯ್ತದಾ?" ತಾತ ಕತ್ತರಿ ಒರೆಸಿ ಪೆಟ್ಟಿಗೆಗೆ ಹಾಕಿದ. ಏಳುವಾಗ ಜಗುಲಿಯ ಮೇಲೆ ತೊಟ್ಟಿಕ್ಕಿದ್ದ ಎಣ್ಣೆಯನ್ನು ಬೆರಳಲ್ಲಿ ಬಳಿದು ತನ್ನ ಬೋಳು ನೆತ್ತಿಗೆ ಸವರಿಕೊಂಡ. "ಎಣ್ಣೆ ಚೆನ್ನಾಗೈತೆ. ಮುಂದಿನ ಸರ್ತಿ ಬತ್ತೀನಿ."

ಅವನು ಬೀದಿ ತಿರುಗಿದ ಮೇಲೆ ಅವ್ವ ಅಕ್ಕನಿಗೆ ಹೊಡೆದಳು. ಬೆನ್ನಿಗೆ ನಾಲ್ಕು, ಕೆನ್ನೆಗೆ ಒಂದು. ಅಕ್ಕ ಅಳಲಿಲ್ಲ, ಎದುರು ಮಾತಾಡಲಿಲ್ಲ. ಹಿತ್ತಲಲ್ಲಿ ಮಡಕೆ ಇನ್ನೂ ಕುದಿಯುತ್ತಿತ್ತಲ್ಲ. ಹೋಗಿ ಮತ್ತೆ ಸೌಟು ಹಿಡಿದು ಕೂತಳು. ಉಳಿದ ಎಣ್ಣೆ ಹೋದ ವರ್ಷದ ಅರ್ಧದಷ್ಟೂ ಬರಲಿಲ್ಲ. ದೃಷ್ಟಿ ಎಂದಳು ಅವ್ವ.

ಸಂಜೆ ಅಪ್ಪ ಬಂದ. ನನ್ನ ತಲೆ ನೋಡಿದ, ಜಗುಲಿ ನೋಡಿದ. "ಎಣ್ಣೆ ಬಂತಾ?" ಎಂದು ಕೇಳಿದ.

"ಬಂತು. ನಿಮ್ಮ ಮಗಳ ತಲೆ ಮೇಲೈತೆ, ಇಂಡ್ಕೊಳ್ಳಿ," ಎಂದಳು ಅವ್ವ.

ಅವತ್ತೇ ಅಕ್ಕ ನನ್ನನ್ನು ಎರಡು ಮೊಣಕಾಲ ನಡುವೆ ಕೂರಿಸಿಕೊಂಡು ಶುರು ಮಾಡಿದಳು. ಬಾಚಣಿಗೆ ಮುಟ್ಟಲಿಲ್ಲ. ಬುಡದಿಂದ ಎಳೆಯಲಿಲ್ಲ. ತುದಿ ಹಿಡಿದು, ಎಣ್ಣೆಯ ಬೆರಳಲ್ಲಿ ಒಂದೊಂದೇ ಎಳೆ ಬಿಡಿಸುತ್ತಾ ಮೇಲಕ್ಕೆ ಹೋದಳು. ನಡುವೆ ಸಿಕ್ಕಿದ ಹೇನುಗಳನ್ನು ಉಗುರಲ್ಲಿ ಮುಗಿಸಿದಳು. ನಾನು "ಆಯ್ತಾ?" ಎಂದಾಗಲೆಲ್ಲ "ಇನ್ನೊಂದೇ" ಎನ್ನುತ್ತಿದ್ದಳು. ಹದಿನೈದು ದಿನ, ದಿನಾ ಸಂಜೆ ಹಾಗೆಯೇ. ಅವಳ ಎರಡು ಬೆರಳ ತುದಿಯ ಚರ್ಮ ಸುಲಿದಿತ್ತು. ಬಿಸಿನೀರು, ಸೀಗೆಪುಡಿ, ಮತ್ತೆ ಎಣ್ಣೆ. ಮುಂದಿನ ಸರದಿಯ ಸೋಮವಾರ ತಾತ ಬಂದಾಗ ನನ್ನ ಬೆನ್ನ ಮೇಲೆ ತೋಳು ದಪ್ಪದ ಒಂದೇ ಜಡೆ ಇತ್ತು. ಎಡಗಿವಿಯ ಹತ್ತಿರ ಮಾತ್ರ ಒಂದು ಮೋಟು ಕುಚ್ಚು. ಅವ್ವ ಜಡೆಯನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಿ ಬಿಟ್ಟಳು. ಹೊಗಳುವ ಅಭ್ಯಾಸ ಅವಳಿಗಿರಲಿಲ್ಲ. "ಇವಳಪ್ಪಂಗೆ ಗಡ್ಡ ಮಾಡ್ಬುಟ್ಟು ಹೋಗು," ಎಂದು ತಾತನಿಗೆ ಹೇಳಿ ಒಳಗೆ ಹೋದಳು.

ಆಮೇಲೆ ನಾಲ್ಕು ವರ್ಷ ನನ್ನ ತಲೆ ಅಕ್ಕನದಾಗಿತ್ತು. ಅವಳನ್ನು ಅಬ್ಬಿಗೆರೆಗೆ ಮದುವೆ ಮಾಡಿ ಕೊಟ್ಟರು. ಹಬ್ಬಕ್ಕೆ ಬಂದಾಗ ಚಪ್ಪಲಿ ಬಿಡುವ ಮುಂಚೆ ನನ್ನ ತಲೆಗೆ ಕೈ ಹಾಕುತ್ತಿದ್ದಳು. ಈಗ ಅವಳು ಇಲ್ಲ. ಹೋಗಿ ಆರು ವರ್ಷವಾಯಿತು.

ನಮ್ಮ ಹಿತ್ತಲಿದ್ದ ಕಡೆ ಈಗ ನಿಮ್ಮಪ್ಪ ಕಾರು ನಿಲ್ಲಿಸುತ್ತಾನೆ. ನಿಮ್ಮಲ್ಲಿ ಒಬ್ಬಳಿಗೆ ನನ್ನದೇ ಕೂದಲು ಬಂದಿದೆ. ಅವಳಿಗಾಗಿ ಬಚ್ಚಲಲ್ಲಿ ಐದು ಬಾಟಲಿ ಇವೆ, ಅದರಲ್ಲೊಂದು ಹರಳೆಣ್ಣೆ. ಮೂಸಿ ನೋಡಿದೆ, ವಾಸನೆಯೇ ಇಲ್ಲ. ಆದರೂ ಒಳ್ಳೆಯ ಎಣ್ಣೆಯೇ ಇರಬೇಕು, ಹುಡುಗಿಯ ಕೂದಲು ಚೆನ್ನಾಗಿದೆ. ಫೋನು ನೋಡಿ ಕಲಿತಿದ್ದಾಳೆ. ಒದ್ದೆ ಇರುವಾಗಲೇ ಬೆರಳಲ್ಲಿ ಬಿಡಿಸಬೇಕಂತೆ, ತುದಿಯಿಂದ ಶುರು ಮಾಡಬೇಕಂತೆ. ನನಗೆ ಪಾಠ ಹೇಳಿದಳು, ನಾನು ಕೇಳಿಸಿಕೊಂಡೆ. ನಿಮ್ಮ ಕಾಲದಲ್ಲಿ ಗುಂಗುರು ಕೂದಲಿಗೆ ಯಾರೂ ಕತ್ತರಿ ತೋರಿಸಿ ಹೆದರಿಸುವುದಿಲ್ಲ. ಅದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ.

ಮೊನ್ನೆ ಭಾನುವಾರ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಒಂದು ಗಂಟೆ ಒಳಗಿದ್ದಳು. ನಾನು ಬಾಗಿಲು ತಟ್ಟಿ, ಹಿಂದುಗಡೆ ನಾನು ಬಿಡಿಸಲಾ ಎಂದು ಕೇಳಿದೆ. "ಬೇಡ ಅಜ್ಜಿ, ನಂಗೇ ಬರುತ್ತೆ," ಎಂದಳು. ನಿಜ, ಅವಳಿಗೆ ಬರುತ್ತದೆ. ಕನ್ನಡಿ ಬೆನ್ನ ಹಿಂದೆ ಹಿಡಿದು ಬೈತಲೆ ಎಷ್ಟು ನೇರ ತೆಗೆಯುತ್ತಾಳೆ ಅಂತೀರಿ. ನನಗೆ ಈ ವಯಸ್ಸಾದರೂ ಅದು ಬರುವುದಿಲ್ಲ. ಅಕ್ಕ ಮದುವೆಯಾಗಿ ಹೋದ ದಿನ ಕೈಗೆ ಸಿಕ್ಕಷ್ಟು ಸೇರಿಸಿ ಒಂದು ತುರುಬು ಕಟ್ಟಿಕೊಂಡೆ. ಇವತ್ತಿಗೂ ಅದೇ ತುರುಬು. ಅಕ್ಕ ನನಗೆ ಜಡೆ ಹೆಣೆಯುವುದನ್ನು ಕಲಿಸಿಯೇ ಇರಲಿಲ್ಲ. ಕಲಿಸು ಅಂತ ನಾನೂ ಕೇಳಲಿಲ್ಲ.