ಹಳ್ಳದ ಕೇಸಿನಲ್ಲಿ ನಮ್ಮತ್ತೆ

ನಮ್ಮತ್ತೆಗೆ ಬೀದಿಯವರು ಇಟ್ಟ ಹೆಸರು ಜೋರಮ್ಮ. ನಾನು ಸೊಸೆ, ಹಾಗೆ ಕರೆಯುವ ಹಾಗಿಲ್ಲ. ಮನಸ್ಸಿನಲ್ಲಿ ಕರೆದುಕೊಳ್ಳುತ್ತೇನೆ, ಅದಕ್ಕೆ ಯಾರ ಅಪ್ಪಣೆ ಬೇಕು? ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ನಮ್ಮತ್ತೆ ಆ ಬಾಯಿಂದ ಒಂದು ಲಾಂಡ್ರಿಯನ್ನೇ ಬದುಕಿಸಿದರು. ಮಾವ ತೀರಿಕೊಂಡಾಗ ನೆಂಟರೆಲ್ಲ ಮುಚ್ಚಿಬಿಡು ಅಂದರಂತೆ. ಇವರು ನೆಟ್ಟಗೆ ಆಸ್ಪತ್ರೆಗೆ ಹೋಗಿ, ಹಾಸಿಗೆ ಬಟ್ಟೆಯ ಗುತ್ತಿಗೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಬಂದರು.

ನಮ್ಮ ಲಾಂಡ್ರಿ ಹಳ್ಳದ ದಂಡೆಯಲ್ಲಿದೆ. ಹಳ್ಳಕ್ಕೊಂದು ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಜಾಲಿಸುವ ತೊಟ್ಟಿಗಳಿಗೆ ನೀರು. ನಮ್ಮ ಕೆಳಗೆ ಚಿಕ್ಕತ್ತೆಯ ಸಸಿಗಳ ನರ್ಸರಿ. ಚಿಕ್ಕತ್ತೆ ಅಂದರೆ ಅತ್ತೆಯ ಓರಗಿತ್ತಿ. ಮನೆ ಭಾಗವಾದಾಗ ನಡುವಿನ ಗೋಡೆ ಎಲ್ಲಿ ಏಳಬೇಕು ಅಂತ ಹತ್ತಿದ ಜಗಳ, ಗೋಡೆ ಎದ್ದು ಪಾಚಿ ಕಟ್ಟಿದರೂ ಇಬ್ಬರಿಗೂ ಮಾತಿಲ್ಲ. ಮೇಲೆ ಹಳ್ಳದ ತಲೆಯ ಹತ್ತಿರ ಒಂದು ಸೋಡಾ ಕಾರ್ಖಾನೆ. ಅದು ಮೊನ್ನೆ ಮೊನ್ನೆ ಬಂದದ್ದು. ಬೇಸಿಗೆಯಲ್ಲಿ ಅವರು ಹಳ್ಳಕ್ಕೆ ಅಡ್ಡ ಹಾಕಿದ ತಮ್ಮ ಕಬ್ಬಿಣದ ಬಾಗಿಲು ಇಳಿಸಿದರೆ ನಮ್ಮ ತೊಟ್ಟಿಯ ತಳ ಕಾಣುತ್ತದೆ. ಹೋದ ಬೇಸಿಗೆ ಬಟ್ಟೆ ಎರಡು ಸಲ ತಡವಾಯಿತು, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂತ ಆಸ್ಪತ್ರೆಯವರು ಮುಖದ ಮೇಲೇ ಹೇಳಿಬಿಟ್ಟರು. ಅವರು ಬಿಟ್ಟರೆ ನಮ್ಮ ಲಾಂಡ್ರಿಗೆ ಬೀಗವೇ.

ಅಷ್ಟರಲ್ಲಿ ಕೋರ್ಟಿನಿಂದ ನೋಟಿಸು ಬಂತು. ಈ ಹಳ್ಳದ ನೀರು ಬಳಸುವವರೆಲ್ಲ ಯಾವಾಗಿನಿಂದ, ಎಲ್ಲಿಂದ, ಎಷ್ಟು, ಯಾತಕ್ಕೆ ಬಳಸುತ್ತೇವೆ ಅಂತ ಹಕ್ಕು ಹೇಳಿಕೊಳ್ಳಬೇಕು, ಹೇಳಿಕೊಳ್ಳದವರ ಹಕ್ಕು ಹೋದ ಹಾಗೇ. ಅತ್ತೆಗೆ ಇದು ಸಂತೆಯ ವ್ಯಾಪಾರದ ಹಾಗೆ ಕಂಡಿತು. "ಎರಡರಷ್ಟು ಕೇಳು," ಅಂದರು ನನಗೆ. "ಅವರು ಅರ್ಧಕ್ಕೆ ಇಳಿಸ್ತಾರೆ, ಆಗ ನಮಗೆ ಬೇಕಾದಷ್ಟು ಸಿಗುತ್ತೆ." ನನಗೂ ಸರಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಗೋಡೆಯಾಚೆ ಚಿಕ್ಕತ್ತೆಗೂ ಅದೇ ಬುದ್ಧಿ ಬಂದಿತ್ತು. ಒಂದೇ ಮನೆಗೆ ಬಂದ ಸೊಸೆಯರಲ್ಲವೇ!

ಹೇಳಿಕೊಂಡದ್ದನ್ನೆಲ್ಲ ಕೋರ್ಟು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಟ್ಟಿತು. ಇನ್ನೊಬ್ಬರ ಲೆಕ್ಕ ತಪ್ಪು ಅನ್ನಿಸಿದವರು ತಕರಾರು ಹಾಕಬಹುದಿತ್ತು. ಅತ್ತೆ ಚಿಕ್ಕತ್ತೆಯ ಮೇಲೆ ಹಾಕಿದರು, ಚಿಕ್ಕತ್ತೆ ಅತ್ತೆಯ ಮೇಲೆ ಹಾಕಿದರು, ಕಾರ್ಖಾನೆಯವರು ಇಬ್ಬರ ಮೇಲೂ ಹಾಕಿ ಆರಾಮಾಗಿ ಕೂತರು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅನ್ನುವುದನ್ನು ನಾನು ಕಣ್ಣಾರೆ ನೋಡಿದೆ.

ಮೊದಲ ವಿಚಾರಣೆಯ ದಿನ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೆಟ್ಟಿಲ ಮೇಲೇ ಭಾಷಣ ಅಭ್ಯಾಸ ಮಾಡಿಕೊಂಡು ಒಳಗೆ ಹೋದರು. ಕೋರ್ಟು ಕಳಿಸಿದ ಅಳತೆ ಅಧಿಕಾರಿ ಆಗಲೇ ಬಂದು ನಮ್ಮ ತೂಬು ನೋಡಿ ಹೋಗಿದ್ದರು. ಕಾರ್ಖಾನೆಯ ವಕೀಲರು ಎದ್ದು, ಈ ಇಬ್ಬರು ಹೆಂಗಸರು ಕೇಳಿರುವುದನ್ನು ಕೂಡಿಸಿದರೆ ಹಳ್ಳದಲ್ಲಿರುವುದಕ್ಕಿಂತ ಜಾಸ್ತಿಯಾಗುತ್ತೆ, ಇವರ ಮಾತನ್ನು ಹೇಗೆ ನಂಬುವುದು ಅಂದರು. ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡು ಅತ್ತೆಯನ್ನು ನೋಡಿದರು.

"ನಿಮ್ಮ ತೂಬಿನಲ್ಲಿ ಇಷ್ಟು ನೀರು ಹೇಗಮ್ಮ ಹಿಡಿಯುತ್ತೆ?"

ಅತ್ತೆಯ ಬಾಯಿಗೆ ಬೀಗ ಬಿದ್ದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಖುಷಿ ಪಡಬೇಕಾದ ಸೊಸೆ ನಾನು, ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತೆ. ಜಡ್ಜಮ್ಮ ಒಳ್ಳೆಯವರು, ಮುಂದಿನ ವಿಚಾರಣೆಯೊಳಗೆ ಸರಿಪಡಿಸಿ ಹೇಳಲು ಅವಕಾಶ ಕೊಟ್ಟರು. ಹೇಳದಿದ್ದರೆ ಹಕ್ಕನ್ನೇ ತಳ್ಳಿಹಾಕಬೇಕಾಗುತ್ತೆ ಅಂತಲೂ ಅಂದರು.

ಹೊರಗೆ ವರಾಂಡದಲ್ಲಿ ಕೋರ್ಟಿನ ಗುಮಾಸ್ತರು ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಇಲ್ಲಿ ಯಾರೂ ಯಾರ ಮೇಲೂ ಕೇಸು ಹಾಕಿಲ್ಲ ಅಮ್ಮ, ಕೇಸು ಹಳ್ಳದ್ದು ಅಂದರು. ಮೊದಲು ಬಳಸಲು ಶುರುಮಾಡಿದವರು ಮೊದಲನೆಯವರು, ಆಮೇಲೆ ಬಂದವರು ಆಮೇಲೆ. ನೀರು ಕಮ್ಮಿಯಾದಾಗ ಅದೇ ಸಾಲು. ಕೊಡುವುದು ಬೇಕೆಂದಷ್ಟಲ್ಲ, ನಿಜವಾಗಿ ಬಳಸಿದಷ್ಟು. ಎಷ್ಟು ತಗೊಂಡಿರಿ ಅನ್ನೋದರ ಜೊತೆಗೆ ಎಷ್ಟು ವಾಪಸ್ ಬಿಟ್ಟಿರಿ ಅನ್ನೋದನ್ನೂ ನೋಡ್ತಾರೆ ಅಂತ ಹೇಳಿ, ಅವರು ಊಟದ ಡಬ್ಬಿ ಬಿಚ್ಚಿದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅರ್ಧ ದಾರಿಯಲ್ಲಿ ತಟ್ಟನೆ ನನ್ನ ಮೊಣಕೈ ಹಿಡಿದರು.

"ನಾನೇನು ನೀರನ್ನ ತಿಂತೀನಾ? ಸೋಪಿನ ನೀರು ಗುಂಡಿಗೆ ಹೋಗುತ್ತೆ, ಅದು ಬೋರ್‌ವೆಲ್ಲಿಂದು. ಹಳ್ಳದ ನೀರಲ್ಲಿ ಜಾಲಿಸ್ತೀನಿ, ಹಿಂದಿನ ಕಿಂಡಿಯಿಂದ ಬಿಡ್ತೀನಿ. ಅದೇ ತಾನೇ ಅವಳ ಗಿಡಕ್ಕೆ ಹೋಗೋದು?"

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿತ್ತು ನೋಡಿ. ದಿನಾ ಕಣ್ಣೆದುರು ಹರಿಯುವ ನೀರು! ಒಂದೇ ನೀರಿಗೆ ಎರಡೂ ಮನೆಯವರು ಕಚ್ಚಾಡುತ್ತಿದ್ದೆವು, ಅದು ಇಬ್ಬರಿಗೂ ಆಗುವಂಥದ್ದೇ ಆಗಿತ್ತು. ಕಾರ್ಖಾನೆಯದು ಹಾಗಲ್ಲ, ಬಾಟಲಿಗೆ ತುಂಬಿ ಲಾರಿ ಹತ್ತಿಸಿದ ನೀರು ಹಳ್ಳಕ್ಕೆ ತಿರುಗಿ ಬರುವುದುಂಟೇ?

ಬಸ್ಸಿಳಿದವರು ಮನೆಗೆ ಹೋಗಲಿಲ್ಲ, ನೆಟ್ಟಗೆ ನರ್ಸರಿಗೆ ಹೋದರು. ಚಿಕ್ಕತ್ತೆ ಕುಂಡಕ್ಕೆ ಮಣ್ಣು ತುಂಬುತ್ತಿದ್ದವರು ತಲೆ ಎತ್ತಲಿಲ್ಲ. ಅತ್ತೆ ನಿಂತೇ ಇದ್ದರು.

"ಬಾ ಅನ್ನಲ್ವೇನೇ?"

"ಇಷ್ಟು ವರ್ಷ ಬಾಗಿಲು ತೆಗೆದೇ ಇತ್ತು. ನೀವೇ ಬರಲಿಲ್ಲ."

"ಈಗ ಬಂದೆ. ನಾನು ಸುಳ್ಳು ಲೆಕ್ಕ ಕೊಟ್ಟೆ. ನೀನೂ ಕೊಟ್ಟಿದ್ದೀಯ. ಇಬ್ಬರೂ ವಾಪಸ್ ತಗೊಳ್ಳೋಣ."

ಚಿಕ್ಕತ್ತೆ ಕೈಯ ಮಣ್ಣು ಕೊಡವಿದರು. ಆಮೇಲೆ ಬೋರಲು ಹಾಕಿದ್ದ ಕುಂಡವೊಂದನ್ನು ಕಾಲಿಂದ ಮುಂದೆ ಸರಿಸಿ, "ಕೂತ್ಕೊಳ್ಳಿ ಅಕ್ಕ," ಅಂದರು. ಜೋರಮ್ಮ ಅತ್ತುಬಿಟ್ಟರು. ಚಿಕ್ಕತ್ತೆಯೂ ಅತ್ತರು. ಗೋಡೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ, ಅಷ್ಟು ಬುದ್ಧಿ ಇತ್ತು.

ತಕರಾರುಗಳನ್ನು ಹಿಂತೆಗೆದುಕೊಂಡು, ಬಳಸಿದಷ್ಟೇ ಬರೆಸಿದೆವು. ಅಳತೆ ಅಧಿಕಾರಿ ಮತ್ತೆ ಬಂದರು, ಈ ಸಲ ಕಾರ್ಖಾನೆಯ ವಕೀಲರೂ ಜೊತೆಗೆ, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು. ಅತ್ತೆ ತೂಬು ಎತ್ತಿ ತೊಟ್ಟಿ ತುಂಬಿಸಿ ಕಿಂಡಿ ತೆಗೆದರು. ಕೆಳಗೆ ನರ್ಸರಿಯ ಕಾಲುವೆಯಲ್ಲಿ ಚಿಕ್ಕತ್ತೆ ಅಳತೆ ಕೋಲು ಹಿಡಿದು ನಿಂತಿದ್ದರು. ಒಳಗೆ ಬಂದ ನೀರಿಗೂ ಹೊರಗೆ ಹೋದ ನೀರಿಗೂ ಇದ್ದ ವ್ಯತ್ಯಾಸ, ಒದ್ದೆ ಬಟ್ಟೆ ಹೀರಿಕೊಂಡಷ್ಟೇ. ವಕೀಲರ ಬೂಟು ಕೆಸರಿನಲ್ಲಿ ಹೂತಿತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ, ಅತ್ತೆ ಮುಚ್ಚಿಕೊಳ್ಳದೆಯೇ ನಕ್ಕರು.

ಕೊನೆಯ ವಿಚಾರಣೆಯಲ್ಲಿ ಲಾಂಡ್ರಿ ಮೊದಲಿತ್ತೋ ಕಾರ್ಖಾನೆಯೋ ಅನ್ನುವುದೇ ಪ್ರಶ್ನೆ. ಚಿಕ್ಕತ್ತೆ ಸಾಕ್ಷಿ ಕಟಕಟೆ ಹತ್ತಿದರು. ಮೆಲುದನಿಯ ಹೆಂಗಸು, ಜಡ್ಜಮ್ಮ ಮುಂದಕ್ಕೆ ಬಾಗಿ ಕೇಳಬೇಕಾಯಿತು. ತಾವು ಮದುವೆಯಾಗಿ ಬಂದ ವಾರವೇ ಆ ತೊಟ್ಟಿಯಲ್ಲಿ ಬಟ್ಟೆ ಜಾಲಿಸಿದ್ದು, ಕಾರ್ಖಾನೆಯ ಜಾಗದಲ್ಲಿ ಆಗ ಬರೀ ಬಂಡೆ ಮತ್ತು ಮುಳ್ಳುಗಿಡ ಇದ್ದದ್ದು, ಎಲ್ಲವನ್ನೂ ತೊದಲದೆ ಹೇಳಿದರು. ನಿಮಗೂ ಇವರಿಗೂ ಮಾತೇ ಇರಲಿಲ್ಲವಂತಲ್ಲ ಅಂತ ವಕೀಲರು ಕೆಣಕಿದರು. "ಇರಲಿಲ್ಲ ಸ್ವಾಮಿ. ಮಾತು ಬಿಟ್ಟಿದ್ದೆ, ನಿಜ ಬಿಟ್ಟಿರಲಿಲ್ಲ," ಅಂದರು ಚಿಕ್ಕತ್ತೆ.

ತೀರ್ಪು ಓದಿದರು. ಒಂದನೇ ಹಕ್ಕು ಲಾಂಡ್ರಿಗೆ, ಎರಡನೆಯದು ನರ್ಸರಿಗೆ, ಮೂರನೆಯದು ಕಾರ್ಖಾನೆಗೆ. ಹಳ್ಳದ ನೀರು ಕಮ್ಮಿಯಾದಾಗ ಮೊದಲಿಬ್ಬರ ಪಾಲು ಕೆಳಗೆ ಮುಟ್ಟುವ ತನಕ ಮೂರನೆಯವರು ಬಾಗಿಲು ಇಳಿಸುವಂತಿಲ್ಲ. ಅತ್ತೆ ನನ್ನ ಕೈಯನ್ನು ಎಷ್ಟು ಹಿಸುಕಿದರೆಂದರೆ ಬಳೆ ಒಡೆಯಿತು. ಒಡೆಯಲಿ ಬಿಡಿ.

ಆ ಬೇಸಿಗೆಯಲ್ಲೇ ಕಾರ್ಖಾನೆಯವರು ಹಳೇ ಚಾಳಿಯಂತೆ ಬಾಗಿಲು ಇಳಿಸಿದರು. ತೊಟ್ಟಿಯ ಪಕ್ಕ ಆಸ್ಪತ್ರೆಯ ಬಟ್ಟೆ ಗುಡ್ಡೆ ಬಿದ್ದಿತ್ತು. ನಾವು ಮೂವರೂ ದಂಡೆ ಹಿಡಿದು ಮೇಲೆ ನಡೆದೆವು. ಕಾವಲಿನವನು, ಯಾರು ನೀವು ಅಂತ ಅಡ್ಡ ನಿಂತ. ಅತ್ತೆ ಬಾಯಿ ತೆರೆಯುವ ಮೊದಲೇ ಚಿಕ್ಕತ್ತೆ ಮುಂದೆ ಬಂದರು.

"ಇವರು ಒಂದನೆಯವರು. ನಾನು ಎರಡನೆಯವಳು. ನಿಮ್ಮದು ಆಮೇಲೆ. ಎತ್ತಪ್ಪ ಬಾಗಿಲು."

ಅವನು ಒಳಗೆ ಫೋನು ಮಾಡಿದ. ಮ್ಯಾನೇಜರ್ ಹೊರಗೆ ಬಂದು, ನಮ್ಮ ಮುಖ ನೋಡಿ, ಎತ್ತು ಅಂತ ಅವನಿಗೆ ಕೈ ಮಾಡಿದರು. ಚಕ್ರ ಕಿರುಗುಟ್ಟುತ್ತಾ ತಿರುಗಿತು, ಬಾಗಿಲು ಎದ್ದಿತು, ನೀರು ನುಗ್ಗಿ ಹಳ್ಳಕ್ಕೆ ಇಳಿಯಿತು. ನನಗೆ ಅಳು ತಡೆಯಲಾಗಲಿಲ್ಲ, ಅಲ್ಲೇ ನಿಂತು ಬಿಕ್ಕಿದೆ.

"ಅಳೋದು ಆಮೇಲೆ," ಅಂದರು ನಮ್ಮತ್ತೆ, ಆಗಲೇ ಸೀರೆ ಎತ್ತಿ ಕಟ್ಟಿಕೊಂಡು ಇಳಿಜಾರು ಹಿಡಿದಿದ್ದರು. "ಓಡು, ನಮಗಿಂತ ಮುಂಚೆ ನೀರು ತೂಬು ದಾಟಿ ಹೋಗಿಬಿಡುತ್ತೆ!"